ಆಂಡೋರ್ ಚರ್ಚೆ: ಲೂಥೆನ್ ಮಾಡಿದ್ದು ಸರಿಯಾ?

ಇರುಳುಚುಕ್ಕಿ:
ಸ್ಟಾರ್ ವಾರ್ಸ್ ಸರಣಿ ಆಂಡೋರ್ ನೋಡಿದವರ ಜೊತೆ ಒಮ್ಮೆ ಮನಸ್ಸು ಬಿಚ್ಚಿ ಮಾತಾಡಬೇಕು ಅನ್ನಿಸಿದೆ. ಎರಡೂ ಸೀಸನ್‌ನ ಕಥೆ ಕೊನೆಯವರೆಗೂ ಇಲ್ಲಿ ಬರುತ್ತದೆ. ನೋಡದವರು ಹುಷಾರು.

2016ರ ರೋಗ್ ಒನ್ ಸಿನಿಮಾದಲ್ಲಿ ಗ್ರಹಗಳನ್ನೇ ಸುಡುವ ಡೆತ್ ಸ್ಟಾರ್ ಆಯುಧದ ನಕ್ಷೆ ಕದ್ದು ಪ್ರಾಣ ಬಿಟ್ಟ ಕ್ಯಾಸಿಯನ್ ಆಂಡೋರ್ ಅದಕ್ಕೂ ಮೊದಲು ಏನಾಗಿದ್ದ, ಹೇಗೆ ಬದಲಾದ ಅನ್ನೋದೇ ಈ ಸರಣಿ. ರೂಪಿಸಿದವರು ಟೋನಿ ಗಿಲ್ರಾಯ್. 2022ರಲ್ಲಿ 12 ಎಪಿಸೋಡ್, 2025ರಲ್ಲಿ ಇನ್ನೂ 12. ಅಧಿಕಾರ ಹೇಗೆ ಕೆಲಸ ಮಾಡುತ್ತದೆ ಅಂತ ಇಷ್ಟು ಬಿಡಿಸಿ ತೋರಿಸಿದ ವೈಜ್ಞಾನಿಕ ಕಥೆಯ ಸರಣಿ ಇನ್ನೊಂದನ್ನು ನಾನು ನೋಡಿಲ್ಲ.

ಯಾಕೆ ಅಂತ ಹೇಳುತ್ತೇನೆ. ಗ್ಯಾಲಕ್ಸಿಯನ್ನೆಲ್ಲ ಹಿಡಿದಿಟ್ಟುಕೊಂಡಿರುವ ಚಕ್ರವರ್ತಿ ಈ ಸರಣಿಯಲ್ಲಿ ಒಮ್ಮೆಯೂ ಎದುರಿಗೆ ಬರುವುದಿಲ್ಲ. ಅವನ ಬಲಗೈ ಡಾರ್ತ್ ವೇಡರ್ ಕೂಡ ಬರುವುದಿಲ್ಲ. ಬರುವವರೆಲ್ಲ ನೌಕರರು. ಬೆಳಗ್ಗೆ ಮೀಟಿಂಗ್‌ಗೆ ಹೋಗುವವರು, ಬಡ್ತಿಗೆ ಕಾಯುವವರು, ಮೇಲಿನವರು ಹೊಗಳಿದರೆ ಮುಖ ಅರಳುವವರು. ಸಾವಿರಾರು ಜನರ ಬದುಕು ಹಾಳಾಗುವುದು ಇವರ ಮೇಜಿನ ಮೇಲೆ.

ನಿಯಾಮೋಸ್ ದೃಶ್ಯ ನೆನಪಿದೆಯಾ? ಕಡಲ ತೀರದ ಊರು. ಕ್ಯಾಸಿಯನ್ ಅಂಗಡಿಗೆ ಹೊರಟಿದ್ದಾನೆ. ಒಬ್ಬ ಸೈನಿಕ ತಡೆದು, ಯಾಕೆ ಅತ್ತಿತ್ತ ನೋಡುತ್ತೀಯ ಅಂತ ಕೇಳುತ್ತಾನೆ. ಅಷ್ಟೇ. ಮುಂದಿನ ದೃಶ್ಯದಲ್ಲಿ ಜಡ್ಜ್ ಮುಖ ಕೂಡ ಎತ್ತದೆ ಆರು ವರ್ಷ ಜೈಲು ಅನ್ನುತ್ತಾಳೆ. ಮೊದಲಾಗಿದ್ದರೆ ಇದಕ್ಕೆ ಆರು ತಿಂಗಳು. ಈಗ ಹೊಸ ಆದೇಶ ಬಂದಿದೆ. ಆ ಆದೇಶ ಬಂದಿದ್ದು ಯಾಕೆ? ಆಲ್ಡಾನಿ ಎಂಬ ಕಡೆ ಬಂಡಾಯಗಾರರು ಸೈನ್ಯದ ಸಂಬಳದ ಹಣ ದೋಚಿದರು ಅಂತ. ದೋಚಿದವರಲ್ಲಿ ಕ್ಯಾಸಿಯನ್ ಕೂಡ ಒಬ್ಬ. ಆದರೆ ಅವನು ಸಿಕ್ಕಿಬಿದ್ದಿದ್ದು ಅದಕ್ಕಲ್ಲ. ಸುಮ್ನೆ ದಾರಿಯಲ್ಲಿ ನಡೆದಿದ್ದಕ್ಕೆ!

ಆಮೇಲೆ ನಾರ್ಕಿನಾ ಜೈಲು. ಒಂದು ಮೇಜಿಗೆ ಏಳು ಜನ, ಒಂದು ಕೋಣೆಗೆ ಏಳು ಮೇಜು. ಎಲ್ಲರೂ ಬರಿಗಾಲಲ್ಲಿ ಇರಬೇಕು, ಯಾಕೆಂದರೆ ನೆಲಕ್ಕೇ ಕರೆಂಟ್ ಬಿಡುತ್ತಾರೆ. ಹನ್ನೆರಡು ಗಂಟೆ ಪಾಳಿ. ಕಡಿಮೆ ಕೆಲಸ ಮಾಡಿದ ಮೇಜಿಗೆ ಶಾಕ್, ಜಾಸ್ತಿ ಮಾಡಿದ ಮೇಜಿಗೆ ಊಟದಲ್ಲಿ ಸ್ವಲ್ಪ ರುಚಿ. ಕಾವಲುಗಾರರು ಬೆರಳೆಣಿಕೆಯಷ್ಟು. ಕೈದಿಗಳೇ ಕೈದಿಗಳನ್ನು ಓಡಿಸುತ್ತಾರೆ. ಅವರು ಜೋಡಿಸುತ್ತಿದ್ದ ಭಾಗಗಳು ಡೆತ್ ಸ್ಟಾರ್‌ಗೆ ಹೋಗುತ್ತಿದ್ದವು ಅಂತ ಸೀಸನ್ನಿನ ಕಟ್ಟಕಡೆಯಲ್ಲಿ ಗೊತ್ತಾಗುತ್ತದೆ. ಮುಂದೆ ತನ್ನನ್ನೇ ಕೊಲ್ಲುವ ಆಯುಧವನ್ನು ಕ್ಯಾಸಿಯನ್ ಕೈಯಾರೆ ಮಾಡಿದ.

ಇದನ್ನು ನೋಡಿದ ಮೇಲೆ ಬೇರೆ ಸ್ಟಾರ್ ವಾರ್ಸ್ ಕಥೆಗಳು ನನಗೆ ಹಿಡಿಸುತ್ತಲೇ ಇಲ್ಲ. ನೀವೇನಂತೀರಿ?

ಮೊಗಸಾಲೆ:
ನಿಮ್ಮ ಉತ್ಸಾಹಕ್ಕೆ ಅಡ್ಡ ಬರುವ ಆಸೆ ನನಗಿಲ್ಲ. ಆದರೆ ನನ್ನ ಅನುಭವ ಬೇರೆ. ಮೊದಲ ಎರಡು ಎಪಿಸೋಡ್‌ನಲ್ಲಿ ಏನೂ ನಡೆಯುವುದಿಲ್ಲ. ಒಬ್ಬ ಅಂಗಡಿಯಿಂದ ಅಂಗಡಿಗೆ ಸಾಲ ಹೇಳುತ್ತ ತಿರುಗುತ್ತಾನೆ, ಇನ್ನೊಬ್ಬ ಸಮವಸ್ತ್ರ ಸರಿಮಾಡಿಕೊಳ್ಳುತ್ತಾನೆ. ಜೆಡೈ ಯೋಧರಿಲ್ಲ, ಬೆಳಕಿನ ಕತ್ತಿ ಇಲ್ಲ, ಮನಸ್ಸಿಗೆ ಖುಷಿ ಕೊಡುವ ಒಂದು ವಿಚಿತ್ರ ಪ್ರಾಣಿಯೂ ಇಲ್ಲ. ಸ್ಟಾರ್ ವಾರ್ಸ್ ಅಂದರೆ ಮಕ್ಕಳು ದೊಡ್ಡವರು ಒಟ್ಟಿಗೆ ಕೂತು ನೋಡುವ ಸಾಹಸದ ಕಥೆ. ಅದರೊಳಗೆ ರಾಜಕೀಯ ತುರುಕುವುದು ಯಾಕೆ? ದಣಿದು ಬಂದವನು ಎರಡು ಗಂಟೆ ಎಲ್ಲ ಮರೆಯೋಣ ಅಂತ ಟಿವಿ ಹಾಕುತ್ತಾನೆ. ಅಲ್ಲೂ ಆದೇಶ, ಲೆಕ್ಕಪತ್ರ, ಸೆನೆಟ್ ಭಾಷಣ.

ಇರುಳುಚುಕ್ಕಿ:
ಮೊಗಸಾಲೆ ಅವರೇ, ತುರುಕಿದ್ದಲ್ಲ, ಮೊದಲಿಂದಲೂ ಇದ್ದದ್ದು. ಜಾರ್ಜ್ ಲೂಕಾಸ್ 1977ರ ಮೊದಲ ಸಿನಿಮಾ ಬರೆಯುವಾಗ ಅವರ ತಲೆಯಲ್ಲಿದ್ದದ್ದು ವಿಯೆಟ್ನಾಂ ಯುದ್ಧ. ದೊಡ್ಡ ಯಂತ್ರಬಲದ ದೇಶದ ಎದುರು ಸಣ್ಣ ಪಡೆ ನಿಲ್ಲುವ ಕಥೆ. 2018ರಲ್ಲಿ ಜೇಮ್ಸ್ ಕ್ಯಾಮರಾನ್ ಜೊತೆಗಿನ ಮಾತುಕತೆಯಲ್ಲಿ ಲೂಕಾಸ್ ಇದನ್ನು ಬಾಯಿಬಿಟ್ಟೇ ಹೇಳಿದ್ದಾರೆ. ಆಗ ಅಮೆರಿಕವೇ ಸಾಮ್ರಾಜ್ಯದ ಜಾಗದಲ್ಲಿತ್ತು ಅಂತ. ಬೆಳಕಿನ ಕತ್ತಿಯ ಹೊಳಪಿನಲ್ಲಿ ನಮಗೆ ಅದು ಕಾಣಲಿಲ್ಲ ಅಷ್ಟೇ. ಗಿಲ್ರಾಯ್ ಆ ಹೊಳಪನ್ನು ತೆಗೆದಿಟ್ಟರು.

ಪಡುವಣ:
ನಿಧಾನದ ಬಗ್ಗೆ ಒಂದು ಮಾತು. ಈ ಸರಣಿಯನ್ನು ಬಿಡಿ ಬಿಡಿ ಎಪಿಸೋಡ್ ಆಗಿ ನೋಡಬಾರದು. ಮೊದಲ ಸೀಸನ್ನಿನಲ್ಲಿ 1ರಿಂದ 3 ಕ್ಯಾಸಿಯನ್ ಊರಾದ ಫೆರಿಕ್ಸ್, 4ರಿಂದ 6 ಆಲ್ಡಾನಿ, 8ರಿಂದ 10 ಜೈಲು. ಎರಡನೇ ಸೀಸನ್ನಿನಲ್ಲಿ ಮೂರು ಮೂರರ ನಾಲ್ಕು ಗುಂಪು, ಒಂದೊಂದು ಗುಂಪಿನ ನಡುವೆ ಒಂದು ವರ್ಷ ದಾಟುತ್ತದೆ. ಮೊದಲು ಐದು ಸೀಸನ್ ಮಾಡುವ ಯೋಚನೆ ಇತ್ತು, ಅದನ್ನು ಎರಡಕ್ಕೆ ಇಳಿಸಿದರು. ಉಳಿದ ವರ್ಷಗಳನ್ನೆಲ್ಲ ಎರಡನೇ ಸೀಸನ್ನಿಗೇ ತುಂಬಿದ್ದು ಹೀಗೆ. ಮೂರು ಎಪಿಸೋಡ್ ಒಂದೇ ಕೂರಿಗೆ ನೋಡಿ, ಒಂದು ಸಿನಿಮಾ ನೋಡಿದ ಹಾಗೆ ಆಗುತ್ತದೆ.

ಮೊದಲ ಎರಡರಲ್ಲಿ ಏನೂ ನಡೆಯುವುದಿಲ್ಲ ಅಂದಿರಿ. ಫೆರಿಕ್ಸ್ ಊರಿನ ಗೋಪುರದಲ್ಲಿ ಒಬ್ಬ ದಿನಾ ಬಂದು ಸುತ್ತಿಗೆಯಿಂದ ಲೋಹ ಬಡಿಯುತ್ತಾನೆ. ಕೆಲಸಗಾರರ ಕೈಗವಸುಗಳು ಗೋಡೆಗೆ ಸಾಲಾಗಿ ತೂಗಿವೆ. ಸತ್ತವರ ಬೂದಿ ಕಲಸಿ ಇಟ್ಟಿಗೆ ಮಾಡಿ ಊರಿನ ಗೋಡೆಗೆ ಸೇರಿಸುವುದು ಅಲ್ಲಿನ ಪದ್ಧತಿ. ಇದೆಲ್ಲ ನಿಧಾನವಾಗಿ ಗೊತ್ತಾದದ್ದರಿಂದಲೇ ಹನ್ನೆರಡನೇ ಎಪಿಸೋಡಿನಲ್ಲಿ ಕ್ಯಾಸಿಯನ್‌ನನ್ನು ಸಾಕಿದ ತಾಯಿ ಮಾರ್ವಾಳ ಇಟ್ಟಿಗೆ ಹಿಡಿದು ಅವನ ಗೆಳೆಯ ಬ್ರಾಸೋ ಸೈನಿಕನ ತಲೆಗೆ ಬಾರಿಸಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಸತ್ತ ಮೇಲೂ ಮಾರ್ವಾ ಹೊಡೆದಾಟದಲ್ಲಿದ್ದಾಳೆ. ಊರು ಗೊತ್ತಿರದಿದ್ದರೆ ಆ ಪೆಟ್ಟಿಗೆ ಏನು ಬೆಲೆ ಇರುತ್ತಿತ್ತು?

ಕಪ್ಪುಶಾಯಿ:
ನಾನು ಎರಡೂ ಸೀಸನ್ ನೋಡಿದ್ದೇನೆ, ಇಷ್ಟಪಟ್ಟೇ ನೋಡಿದ್ದೇನೆ. ಆದರೂ ನನಗೊಂದು ತಕರಾರು ಇದೆ. ಇದನ್ನು ಮಾಡಿದ್ದು ಯಾರು? ಲೂಕಾಸ್‌ಫಿಲ್ಮ್ ಅನ್ನು 2012ರಲ್ಲಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಕೊಂಡ ಡಿಸ್ನಿ. ಈ 24 ಎಪಿಸೋಡಿಗೆ 65 ಕೋಟಿ ಡಾಲರ್ ಖರ್ಚಾಯಿತು ಅಂತ ಗಿಲ್ರಾಯ್ ಅವರೇ ಹೇಳಿದ್ದಾರೆ. ಅಷ್ಟು ದುಡ್ಡಿನ ಕಂಪನಿ ನಮಗೆ ಬಂಡಾಯವನ್ನು ತಿಂಗಳ ಚಂದಾಕ್ಕೆ ಮಾರುತ್ತಿದೆ. ನಾವು ಅತ್ತು, ಚಪ್ಪಾಳೆ ತಟ್ಟಿ, ಮಲಗುತ್ತೇವೆ. ಹೊರಗೆ ಏನೂ ಬದಲಾಗುವುದಿಲ್ಲ. ಸಿಟ್ಟೆಲ್ಲ ಸೋಫಾದ ಮೇಲೇ ಕರಗಿಹೋಗುತ್ತದೆ.

ಮಾರ್ವಾ ಸಾಯುವ ಮೊದಲು ರೆಕಾರ್ಡ್ ಮಾಡಿಟ್ಟ ಭಾಷಣದ ಕೊನೆಯಲ್ಲಿ ಸಾಮ್ರಾಜ್ಯಕ್ಕೆ ಒಂದು ಕೆಟ್ಟ ಬೈಗುಳ ಇತ್ತಂತೆ. ಅದನ್ನು ತೆಗೆಸಿ "ಹೋರಾಡಿ" ಅಂತ ಬದಲಿಸಿದರು. ಬೈಗುಳವನ್ನೇ ಸಹಿಸದ ಕಂಪನಿ ನಿಜವಾದ ಬಂಡಾಯವನ್ನು ಸಹಿಸೀತಾ?

ಪಡುವಣ:
ಕಪ್ಪುಶಾಯಿ, ಅದನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. ಅಷ್ಟು ದೊಡ್ಡ ಕಂಪನಿ ಇಡೀ ಸರಣಿಯಲ್ಲಿ ಬೇಡ ಅಂದಿದ್ದು ಆ ಒಂದು ಬೈಗುಳ. ನೆಲಕ್ಕೆ ಕರೆಂಟ್ ಬಿಡುವ ಜೈಲು ಬೇಡ ಅನ್ನಲಿಲ್ಲ. ಚೌಕದಲ್ಲಿ ಜನರನ್ನು ಕೂಡಿಹಾಕಿ ಗುಂಡು ಹಾರಿಸುವುದು ಬೇಡ ಅನ್ನಲಿಲ್ಲ. ಹಾಗೆ ನೋಡಿದರೆ "ಹೋರಾಡಿ" ಅನ್ನೋದೇ ಆ ಜಾಗಕ್ಕೆ ಚೆನ್ನಾಗಿ ಕೂತಿದೆ. ಬೈದರೆ ಜನ ಮನೆಗೆ ಹೋಗಬಹುದು. ಹೋರಾಡಿ ಅಂದರೆ ಏನಾದರೂ ಮಾಡಲೇಬೇಕು.

ದುಡ್ಡು ಎಲ್ಲಿಗೆ ಹೋಗಿದೆ ಅನ್ನೋದೂ ಕಣ್ಣಿಗೆ ಕಾಣುತ್ತದೆ. ಫೆರಿಕ್ಸ್ ಊರನ್ನು ಬೀದಿ ಬೀದಿಯಾಗಿ ಕಟ್ಟಿದ್ದಾರೆ. ಆಲ್ಡಾನಿಯ ಅಣೆಕಟ್ಟು ಸ್ಕಾಟ್ಲೆಂಡಿನ ಕ್ರುವಾಕನ್, ಎರಡನೇ ಸೀಸನ್ನಿನ ಸೆನೆಟ್ ಸ್ಪೇನಿನ ವಾಲೆನ್ಸಿಯಾದ ಕಟ್ಟಡಗಳು. ನಟರ ಕಾಲಡಿ ನೆಲ ಇದೆ.

ಇರುಳುಚುಕ್ಕಿ:
ಮಾರಿದರು ಅನ್ನೋದು ನಿಜ. ಆದರೆ ಮಾರಿದ್ದರೊಳಗೆ ಏನಿದೆ ಅಂತ ನೋಡಬೇಕಲ್ವಾ? ಘೋರ್ಮನ್ ಕಥೆ ತೆಗೆದುಕೊಳ್ಳಿ. ಅದು ಜೇಡರ ರೇಷ್ಮೆ ನೇಯುವ ಶ್ರೀಮಂತ ಲೋಕ. ಅದರ ನೆಲದಾಳದಲ್ಲಿ ಸಿಗುವ ಖನಿಜ ಡೆತ್ ಸ್ಟಾರ್‌ಗೆ ಬೇಕು. ತೆಗೆದರೆ ನೆಲವೇ ಕುಸಿಯಬಹುದು. ಹಾಗಾದರೆ ಅಲ್ಲಿರುವ ಜನರನ್ನು ಏನು ಮಾಡುವುದು? ಎರಡನೇ ಸೀಸನ್ನಿನ ಮೊದಲ ಎಪಿಸೋಡಿನಲ್ಲಿ ಇದಕ್ಕೊಂದು ಗುಟ್ಟಿನ ಸಭೆ ಸೇರುತ್ತದೆ. ಊಟ, ಪಾನೀಯ, ಹಿಮದ ಬೆಟ್ಟದ ನೋಟ. 1942ರ ಜನವರಿಯಲ್ಲಿ ಬರ್ಲಿನ್ ಹತ್ತಿರದ ವಾನ್ಸೀ ಬಂಗಲೆಯಲ್ಲಿ 15 ಜನ ನಾಜಿ ಅಧಿಕಾರಿಗಳು ಸೇರಿ ಸುಮಾರು ಒಂದೂವರೆ ಗಂಟೆಯಲ್ಲಿ ಲಕ್ಷಾಂತರ ಯಹೂದಿಗಳ ಸಾವನ್ನು ಕಡತಕ್ಕೆ ತಂದರಲ್ಲ, ಗಿಲ್ರಾಯ್ ಅವರಿಗೆ ಅದೇ ಮಾದರಿ.

ಆ ಸಭೆಯಲ್ಲಿ ಪ್ರಚಾರ ಇಲಾಖೆಯ ಇಬ್ಬರು ಬಂದು ಘೋರ್ಮನ್ ಜನ ಸೊಕ್ಕಿನವರು ಅಂತ ಬಿಂಬಿಸುವ ಯೋಜನೆ ವಿವರಿಸುತ್ತಾರೆ. ಇದರಿಂದ ಪೂರ್ತಿ ಕೆಲಸ ಆಗುವುದಿಲ್ಲ ಅಂತ ಹೇಳುವವಳು ಗುಪ್ತಚರ ದಳದ ಅಧಿಕಾರಿ ಡೆಡ್ರಾ. ತಪ್ಪು ಹೆಜ್ಜೆ ಇಡುವ ಬಂಡಾಯಗಾರರು ಅಲ್ಲಿ ಬೇಕು ಅನ್ನುತ್ತಾಳೆ. ಎರಡು ವರ್ಷ ಆದಮೇಲೆ ಚೌಕದಲ್ಲಿ ಜನ ನಿಂತು ತಮ್ಮ ನಾಡಗೀತೆ ಹಾಡುತ್ತಾರೆ. ಸಾಮ್ರಾಜ್ಯದ ಬಂದೂಕುಗಾರನೇ ತಮ್ಮ ಕಡೆಯ ಎಳೆಯ ಸೈನಿಕನೊಬ್ಬನನ್ನು ಹೊಡೆದು ಉರುಳಿಸುತ್ತಾನೆ. ಅದೇ ನೆಪವಾಗಿ ಕೊಲೆ ಶುರು. ಟಿವಿಯಲ್ಲಿ ಅದೇ ಹೊತ್ತಿಗೆ ಘೋರ್ಮನ್ ಜನರ ದಾಳಿ ಅಂತ ಸುದ್ದಿ.

ಇದನ್ನು ನೋಡಿದವನು ಮುಂದೆ ಎಲ್ಲೇ ಗಲಭೆಯ ಸುದ್ದಿ ಬಂದರೂ ಮೊದಲ ಗುಂಡು ಯಾರದು ಅಂತ ಒಮ್ಮೆ ಕೇಳುತ್ತಾನೆ. ಆ ಕೇಳುವ ಬುದ್ಧಿ ಸೋಫಾದ ಮೇಲೆ ಕರಗುವಂಥದ್ದಲ್ಲ.

ಹೊಳೆದಂಡೆ:
ನೀವು ಸಾಮ್ರಾಜ್ಯದ ಬಗ್ಗೆ ಹೇಳಿದ್ದೆಲ್ಲ ಒಪ್ಪುತ್ತೇನೆ. ಈಗ ಬಂಡಾಯದ ಬಗ್ಗೆ ಮಾತಾಡೋಣ, ಯಾಕೆಂದರೆ ಸರಣಿಯ ನಿಜವಾದ ಗಂಟು ಇರುವುದು ಅಲ್ಲಿ.

ಲೂಥೆನ್ ರೇಲ್ ಹೊರಗೆ ಹಳೇ ವಸ್ತು ಮಾರುವ ವ್ಯಾಪಾರಿ, ಒಳಗೆ ಬಂಡಾಯದ ಜಾಲ ಕಟ್ಟುವವನು. ಅಭಿಮಾನಿಗಳಿಗೆಲ್ಲ ಅವನು ದೇವರ ಹಾಗೆ. ಮೊದಲ ಸೀಸನ್ನಿನ ಹತ್ತನೇ ಎಪಿಸೋಡಿನಲ್ಲಿ ನಾನು ಏನೆಲ್ಲ ಬಿಟ್ಟುಕೊಟ್ಟೆ ಅಂತ ಅವನು ಹೇಳುವ ಮಾತನ್ನು ಜನ ಬಾಯಿಪಾಠ ಮಾಡಿದ್ದಾರೆ. ಆ ಮಾತು ಯಾವ ಹೊತ್ತಲ್ಲಿ ಬರುತ್ತದೆ ಅಂತ ಯಾರೂ ಹೇಳುವುದಿಲ್ಲ. ಕ್ರೀಗರ್ ಎಂಬ ಇನ್ನೊಬ್ಬ ಬಂಡಾಯಗಾರ ತನ್ನ ಇಡೀ ಪಡೆಯ ಜೊತೆ ಬಲೆಗೆ ಬೀಳಲಿದ್ದಾನೆ. ಲೂಥೆನ್‌ಗೆ ಅದು ಗೊತ್ತು. ಎಚ್ಚರಿಸಿದರೆ ಗುಪ್ತಚರ ದಳದೊಳಗೆ ತಾನು ಇಟ್ಟಿರುವ ಲೋನಿ ಯಂಗ್ ಸಿಕ್ಕಿಬೀಳುತ್ತಾನೆ. ಅದಕ್ಕೆ ಸುಮ್ಮನಿರುತ್ತಾನೆ. ಅವರೆಲ್ಲ ಸಾಯುತ್ತಾರೆ. ಎರಡನೇ ಸೀಸನ್ನಿನಲ್ಲಿ ಅದೇ ಲೋನಿ ಡೆತ್ ಸ್ಟಾರ್ ಸುದ್ದಿ ತಂದು, ನನ್ನ ಹೆಂಡತಿ ಮಗಳನ್ನು ಕಾಪಾಡು ಅಂದಾಗ ಅವನನ್ನೂ ಕೊಂದು ಬೆಂಚಿನ ಮೇಲೆ ಕೂರಿಸಿ ಹೋಗುತ್ತಾನೆ.

ಆಲ್ಡಾನಿ ದರೋಡೆಗೆ ಸ್ಫೂರ್ತಿ 1907ರ ಟಿಫ್ಲಿಸ್ ಬ್ಯಾಂಕ್ ದರೋಡೆ, ಅಲ್ವಾ? ಅದರ ಹಿಂದೆ ಇದ್ದವರಲ್ಲಿ ಒಬ್ಬ ಸ್ಟಾಲಿನ್. ಗುರಿ ದೊಡ್ಡದು, ದಾರಿ ಹೇಗಿದ್ದರೂ ನಡೆಯುತ್ತದೆ ಅಂದ ಆ ಮನುಷ್ಯ ಅಧಿಕಾರಕ್ಕೆ ಬಂದ ಮೇಲೆ ಏನು ಮಾಡಿದ? ಜೈಲು ಶಿಬಿರಗಳನ್ನು ಕಟ್ಟಿದ. ನಾರ್ಕಿನಾ ನೋಡಿ ಕಣ್ಣೀರು ಹಾಕಿದವರು ಲೂಥೆನ್‌ಗೆ ಜೈ ಅನ್ನುವುದು ನನಗೆ ಅರ್ಥವಾಗುವುದಿಲ್ಲ.

ಇರುಳುಚುಕ್ಕಿ:
ಲೂಥೆನ್‌ಗೆ ನಾನು ಜೈ ಅನ್ನಲಿಲ್ಲ. ಆದರೆ ಅವನನ್ನು ಸ್ಟಾಲಿನ್ ಪಕ್ಕ ಕೂರಿಸಲು ನಾನು ತಯಾರಿಲ್ಲ. ಸ್ಟಾಲಿನ್ ಅಧಿಕಾರ ಹಿಡಿದ. ತಾನು ತರುವ ಬೆಳಗನ್ನು ತಾನು ನೋಡುವುದಿಲ್ಲ ಅಂತ ಲೂಥೆನ್ ಮೊದಲೇ ಹೇಳಿದ್ದಾನೆ. ಕ್ರೀಗರ್ ಸಾವಿನಿಂದ ಉಳಿದ ಲೋನಿ ತಾನೇ ಡೆತ್ ಸ್ಟಾರ್ ಸುದ್ದಿ ತಂದದ್ದು? ಆ ಸುದ್ದಿ ಇಲ್ಲದಿದ್ದರೆ ರೋಗ್ ಒನ್ ಇಲ್ಲ. ಗ್ರಹಗಳೇ ಸುಟ್ಟುಹೋಗುತ್ತಿದ್ದವು.

ಹೊಳೆದಂಡೆ:
ಅದು ಆಮೇಲೆ ಗೊತ್ತಾದ ಲೆಕ್ಕ. ಕ್ರೀಗರ್‌ನನ್ನು ಸಾಯಲು ಬಿಟ್ಟ ದಿನ ಲೂಥೆನ್‌ಗೆ ಡೆತ್ ಸ್ಟಾರ್ ಅಂತ ಒಂದಿದೆ ಅನ್ನೋದೇ ಗೊತ್ತಿರಲಿಲ್ಲ. ಫಲ ಚೆನ್ನಾಗಿ ಬಂತು ಅಂತ ಹಿಂದೆ ಮಾಡಿದ್ದು ಸರಿ ಅಂದರೆ, ಫಲ ಬರದಿದ್ದರೆ ಅವನು ಬರೀ ಕೊಲೆಗಾರನಾಗುತ್ತಿದ್ದನಾ?

ಘೋರ್ಮನ್ ಬಗ್ಗೆ ನೀವೇ ಹೇಳಿದಿರಿ. ಅದರಲ್ಲಿ ಅರ್ಧ ಬಿಟ್ಟಿರಿ. ಅಲ್ಲಿನ ಬಂಡಾಯಗಾರರು ಇನ್ನೂ ಎಳಸು, ಈಗ ಬೇಡ ಅಂತ ಕ್ಯಾಸಿಯನ್ ನೋಡಿ ಬಂದು ಹೇಳುತ್ತಾನೆ. ಲೂಥೆನ್ ಕೇಳುವುದಿಲ್ಲ. ಹೊತ್ತಿಕೊಂಡರೆ ಜೋರಾಗಿಯೇ ಉರಿಯುತ್ತದೆ ಅನ್ನುವ ಧಾಟಿ ಅವನದು. ತನ್ನ ಜಾಲದ ವೆಲ್ ಮತ್ತು ಸಿಂಟಾಳನ್ನು ಕಳಿಸಿ ಆಯುಧ ದೋಚಲು ಸಹಾಯ ಮಾಡುತ್ತಾನೆ. ಆ ದರೋಡೆ ನಡೆಯಲಿ ಅಂತ ಡೆಡ್ರಾ ಕೂಡ ಕಾಯುತ್ತಿದ್ದಳು! ಅವಳಿಗೆ ನೆಪ ಬೇಕು, ಇವನಿಗೆ ಕಿಡಿ ಬೇಕು. ಘೋರ್ಮನ್ ಉರಿಯಲಿ ಅಂತ ಎರಡೂ ಕಡೆಯವರು ಬಯಸಿದ್ದರು. ನಡುವೆ ರೇಷ್ಮೆ ನೇಯುವವರು ಸತ್ತರು.

ಮೊಗಸಾಲೆ:
ಇದನ್ನು ಓದಿದ ಮೇಲೆ ನಿಲ್ಲಿಸಿದಲ್ಲಿಂದ ಮತ್ತೆ ಶುರು ಮಾಡಬೇಕು ಅನ್ನಿಸುತ್ತಿದೆ. ಹಾಗಂತ ಮಕ್ಕಳ ಜೊತೆ ಕೂತು ನೋಡುವ ಸರಣಿ ಇದಲ್ಲ ಅನ್ನೋ ನನ್ನ ಮಾತು ಹಾಗೇ ಇದೆ.

ಪಡುವಣ:
ಮಕ್ಕಳಿಗಂತೂ ಅಲ್ಲ, ಒಪ್ಪಿದೆ. ಶುರು ಮಾಡಿದರೆ ಮೂರನೇ ಎಪಿಸೋಡ್ ಮುಗಿಯುವ ತನಕ ಎದ್ದೇಳಬೇಡಿ. ರೋಗ್ ಒನ್ ಕೊನೆಯಲ್ಲಿ ನೋಡಿ.

ಸಂಜೆಮಲ್ಲಿಗೆ:
ಲೂಥೆನ್ ಬಗ್ಗೆ ಇಷ್ಟುದ್ದ ಬರೆದಿರಿ. ಕ್ಯಾಸಿಯನ್‌ನ ಗೆಳತಿ ಬಿಕ್ಸ್ ಹೆಸರು ಯಾರೂ ಎತ್ತಲಿಲ್ಲ. ಫೆರಿಕ್ಸ್‌ನಲ್ಲಿ ಅವಳಿಗೆ ಸ್ವಂತ ಕೆಲಸವಿತ್ತು, ಲೂಥೆನ್‌ಗೆ ಕ್ಯಾಸಿಯನ್‌ನ ಪರಿಚಯ ಮಾಡಿಸಿದವಳೇ ಅವಳು. ಮೊದಲ ಸೀಸನ್ನಿನಲ್ಲಿ ಅವಳಿಗೆ ಚಿತ್ರಹಿಂಸೆ. ಸಾಯುತ್ತಿರುವ ಮಕ್ಕಳ ಕೂಗನ್ನು ಕಿವಿಗೆ ಹಾಕುತ್ತಾರೆ. ಎರಡನೇ ಸೀಸನ್ನಿನಲ್ಲಿ ಮೀನಾ-ರಾವ್ ಎಂಬ ಹೊಲಗದ್ದೆಗಳ ಲೋಕದಲ್ಲಿ ಕಾಗದಪತ್ರ ಇಲ್ಲದ ಕೂಲಿಯಾಗಿ ಅಡಗಿರುತ್ತಾಳೆ. ತಪಾಸಣೆಗೆ ಬಂದ ಅಧಿಕಾರಿ ಅದನ್ನೇ ಹಿಡಿದುಕೊಂಡು ಅವಳ ಮೈಮೇಲೆ ಬರುತ್ತಾನೆ. ಆ ದೃಶ್ಯ ಬೇಕಿತ್ತಾ ಅಂತ ಕೇಳಿದವರು ಬಹಳ ಜನ. ನನ್ನ ಪ್ರಕಾರ ಬೇಕಿತ್ತು. ಕಾಗದ ಇಲ್ಲದವಳ ಮೇಲೆ ಕಾಗದ ಕೇಳುವವನಿಗೆ ಎಷ್ಟು ಅಧಿಕಾರ ಸಿಗುತ್ತದೆ ಅಂತ ಬೇರೆ ಯಾವ ಸ್ಟಾರ್ ವಾರ್ಸ್ ಕಥೆ ಹೇಳಿದೆ? ಅವಳು ತಿರುಗಿ ಬಿದ್ದು ಅವನನ್ನು ಕೊಲ್ಲುತ್ತಾಳೆ.

ನನ್ನ ಬೇಸರ ಅದರ ಮುಂದಿನದು. ಚಿತ್ರಹಿಂಸೆ ಕೊಟ್ಟ ಡಾಕ್ಟರ್ ಗೋರ್ಸ್ಟ್‌ನನ್ನು ಅವನ ಯಂತ್ರಕ್ಕೇ ಕಟ್ಟಿ ಸೇಡು ತೀರಿಸಿದ ಹೆಣ್ಣು, ಆಮೇಲೆ ಕ್ಯಾಸಿಯನ್ ಬಂಡಾಯ ಬಿಡಬಾರದು ಅಂತ ತಾನೇ ದೂರ ಹೋಗುತ್ತಾಳೆ. ಕೊನೆಗೆ ಅವಳ ಪಾಲಿಗೆ ಉಳಿದದ್ದು ಕಾಯುವುದು. ಅವಳಿಗೂ ಒಂದು ಬಂಡಾಯದ ಕೆಲಸ ಕೊಟ್ಟಿದ್ದರೆ ಏನಾಗುತ್ತಿತ್ತು? ಸಿಂಟಾಳ ಸಾವು ಕೂಡ ಹಾಗೆಯೇ. ಅನುಭವವಿಲ್ಲದ ಒಬ್ಬ ಹುಡುಗನ ಕೈತಪ್ಪಿದ ಗುಂಡಿಗೆ ಹೋಗುತ್ತಾಳೆ. ಇಲ್ಲಿ ಹೊಳೆದಂಡೆ ಅವರ ಮಾತು ನಿಜ. ಲೂಥೆನ್ ಅವಸರ ಮಾಡಿದ್ದಕ್ಕೆ ಅವಳು ಬೆಲೆ ಕೊಟ್ಟಳು.

ಕಪ್ಪುಶಾಯಿ:
ಬಿಕ್ಸ್ ವಿಷಯದಲ್ಲಿ ನಿಮ್ಮ ಜೊತೆ ಇದ್ದೇನೆ. ಆದರೆ ಮಾನ್ ಮೊತ್ಮಾಳನ್ನು ಬರೆದ ಕೈಯೇ ಬಿಕ್ಸ್‌ಳನ್ನೂ ಬರೆದಿದ್ದು ಅನ್ನೋದು ಆಶ್ಚರ್ಯ. ಸೆನೆಟರ್, ಶ್ರೀಮಂತ ಮನೆತನ, ಬಂದೂಕು ಮುಟ್ಟಿದವಳಲ್ಲ. ಬಂಡಾಯಕ್ಕೆ ಕೊಟ್ಟ ಹಣದ ಲೆಕ್ಕ ಮುಚ್ಚಲು ಮಗಳ ಮದುವೆಯನ್ನೇ ಒಬ್ಬ ಕಳ್ಳ ಸಾಹುಕಾರನ ಮನೆಗೆ ಮಾಡಿಕೊಡುತ್ತಾಳೆ. ಆ ಮದುವೆಯಲ್ಲೇ ಬಾಲ್ಯದ ಗೆಳೆಯನನ್ನು ಲೂಥೆನ್ ಮುಗಿಸಲಿದ್ದಾನೆ ಅಂತ ಗೊತ್ತಾಗುತ್ತದೆ. ಆಗ ಅವಳು ಕುಡಿದು ಕುಣಿಯುತ್ತಾಳೆ. ಮುಖದ ತುಂಬ ನಗು, ಆ ನಗುವಿನ ಹಿಂದೆ ಕಿರುಚಾಟ. ನಟಿ ಜಿನೆವೀವ್ ಒರೈಲಿ ಆ ಕುಣಿತದಲ್ಲಿ ಮಾಡಿದ್ದನ್ನು ನಾನು ಮರೆಯಲಾರೆ.

ಇರುಳುಚುಕ್ಕಿ:
ಅವಳ ಸೆನೆಟ್ ಭಾಷಣದ ಎಪಿಸೋಡ್ ಬರೆದ ಡಾನ್ ಗಿಲ್ರಾಯ್ ಅವರಿಗೆ 2025ರಲ್ಲಿ ಎಮ್ಮಿ ಪ್ರಶಸ್ತಿ ಬಂತು. ಬರಲೇಬೇಕಿತ್ತು. ಘೋರ್ಮನ್‌ನಲ್ಲಿ ನಡೆದದ್ದು ನರಮೇಧ ಅಂತ ಅವಳು ಆ ಸಭೆಯಲ್ಲಿ ನಿಂತು ಹೇಳುತ್ತಾಳೆ. ಅದಕ್ಕೂ ಮೊದಲು ಸತ್ಯ ಸತ್ತುಹೋಗುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ ಅನ್ನುತ್ತಾಳೆ. ಎಲ್ಲರಿಗೂ ಗೊತ್ತಿದ್ದದ್ದನ್ನು ಒಬ್ಬಳು ಹೇಳಿದಳು. ಆ ಕ್ಷಣಕ್ಕೆ ಅವಳು ಮನೆ, ಗಂಡ, ಮಗಳು, ಹುದ್ದೆ ಎಲ್ಲ ಕಳೆದುಕೊಂಡಳು.

ಹೊಳೆದಂಡೆ ಅವರೇ, ನಿಮ್ಮ ಪ್ರಶ್ನೆಗೆ ಇಲ್ಲಿಂದಲೇ ಉತ್ತರ ಕೊಡುತ್ತೇನೆ. ಖನಿಜ ತೆಗೆಯುವ ತೀರ್ಮಾನ ಮೊದಲೇ ಆಗಿತ್ತು. ಲೂಥೆನ್ ಕೈ ಹಾಕಲಿ ಬಿಡಲಿ, ಘೋರ್ಮನ್ ಉಳಿಯುತ್ತಿರಲಿಲ್ಲ. ಆ ಸಾವುಗಳು ಸದ್ದಿಲ್ಲದೆ ಮುಚ್ಚಿಹೋಗದ ಹಾಗೆ ಮಾಡಿದ್ದು ಮೊತ್ಮಾಳ ಮಾತು. ಅವಳನ್ನು ಅಲ್ಲಿಂದ ಜೀವಂತ ಹೊರಗೆ ತಂದದ್ದು ಲೂಥೆನ್ ಕಳಿಸಿದ ಕ್ಯಾಸಿಯನ್. ಇನ್ನೊಬ್ಬ ಸೆನೆಟರ್ ಬೇಲ್ ಒರ್ಗಾನಾ ಕಳಿಸಿದ ಸಭ್ಯರ ತಂಡದೊಳಗೆ ಸಾಮ್ರಾಜ್ಯದ ಬೇಹುಗಾರ ಇದ್ದ. ಅದನ್ನು ಕಂಡುಹಿಡಿದದ್ದು ಲೂಥೆನ್‌ನ ಕೊಳಕು ಜಾಲ. ಆ ಜಾಲ ಇಲ್ಲದಿದ್ದರೆ ಮೊತ್ಮಾ ಸೆನೆಟ್ ಬಾಗಿಲಲ್ಲೇ ಸಾಯುತ್ತಿದ್ದಳು.

ಹೊಳೆದಂಡೆ:
ಘೋರ್ಮನ್ ಹೇಗೂ ಹೋಗುತ್ತಿತ್ತು ಅನ್ನೋದು ನಿಮಗೆ ಗೊತ್ತು, ನನಗೆ ಗೊತ್ತು. ನಾವು ಆ ಹಿಮದ ಬೆಟ್ಟದ ಸಭೆ ನೋಡಿದ್ದೇವೆ. ಲೂಥೆನ್ ನೋಡಿರಲಿಲ್ಲ. ಅವನ ಮಟ್ಟಿಗೆ ಆ ಊರು ಉಳಿಯಬಹುದಾದ ಊರು. ಉಳಿಯಬಹುದಾದ ಊರಿಗೆ ಬೆಂಕಿ ಬಿದ್ದರೂ ಸರಿ ಅಂದ. ಅವನನ್ನು ಅಳೆಯಬೇಕಾದ್ದು ಅವನಿಗೆ ಗೊತ್ತಿದ್ದರ ಮೇಲೆ.

ಮೊತ್ಮಾಳನ್ನು ಉಳಿಸಿದ್ದು ಅವನ ಜಾಲ, ಅದು ನಿಜ. ಆ ಒಂದು ಎಪಿಸೋಡಿಗೆ ನನ್ನ ಹತ್ತಿರ ಉತ್ತರ ಕಡಿಮೆ.

ಸಂಜೆಮಲ್ಲಿಗೆ:
ಸರಣಿ ಲೂಥೆನ್ ಪರ ನಿಂತಿದೆ ಅಂತ ನನಗೆ ಅನ್ನಿಸಲಿಲ್ಲ. ಅವನ ಬಲಗೈ ಕ್ಲೇಯಾಳ ಬಾಲ್ಯ ತೋರಿಸುವ ಎರಡನೇ ಸೀಸನ್ನಿನ ಹತ್ತನೇ ಎಪಿಸೋಡ್ ಮತ್ತೆ ನೋಡಿ. ಲೂಥೆನ್ ಆಗ ಸಾಮ್ರಾಜ್ಯದ ಸೈನಿಕ. ಅವನ ಪಡೆ ಒಂದು ಜನಾಂಗವನ್ನೇ ಕೊಲ್ಲುತ್ತಿದೆ. ಉಳಿದ ಒಂದು ಪುಟ್ಟ ಹುಡುಗಿಯನ್ನು ಅವನು ಅಡಗಿಸಿ ಕಾಪಾಡುತ್ತಾನೆ. ಸಾಕಿ ಬೆಳೆಸುತ್ತಾನೆ. ಏನು ಕಲಿಸುತ್ತಾನೆ? ದ್ವೇಷವನ್ನು ಬಚ್ಚಿಟ್ಟುಕೊಳ್ಳುವುದು, ಬಾಂಬ್ ಸಿಡಿಸುವುದು. ಮಗುವಿನ ಕೈಗೆ ಸ್ಫೋಟಕದ ಗುಂಡಿ ಕೊಡುವ ಮನುಷ್ಯನನ್ನು ನೇರವಾಗಿ ತೋರಿಸಿದ್ದಾರೆ. ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಅವಳೇ ಕೊನೆಗೆ, ಅವನು ಸಾಮ್ರಾಜ್ಯದ ಸೆರೆಯಲ್ಲಿದ್ದ ಆಸ್ಪತ್ರೆಗೆ ನುಗ್ಗಿ, ಅವನು ಬಾಯಿಬಿಡುವ ಮೊದಲು ಅವನ ಉಸಿರು ನಿಲ್ಲಿಸುತ್ತಾಳೆ. ಅವನು ಕಲಿಸಿದ ಪಾಠವನ್ನು ಅವನ ಮೇಲೇ ಮಾಡಿದಳು.

ಪಡುವಣ:
ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ಲೂಥೆನ್ ಕೊಟ್ಟ ಕಡೆಯ ಸುದ್ದಿ ಡೆತ್ ಸ್ಟಾರ್. ಕ್ಯಾಸಿಯನ್ ಮತ್ತು ಕ್ಲೇಯಾ ಅದನ್ನು ಯಾವಿನ್ ಎಂಬ ಬಂಡಾಯದ ನೆಲೆಯ ಸಭೆಗೆ ತರುತ್ತಾರೆ. ಅಲ್ಲಿ ಯಾರೂ ಸುಲಭವಾಗಿ ನಂಬುವುದಿಲ್ಲ. ಯಾಕೆ? ಲೂಥೆನ್ ಹೇಳಿದ್ದು ಅಂತ. ಅವನು ಎಷ್ಟು ಜನರಿಗೆ ಸುಳ್ಳು ಹೇಳಿದ್ದಾನೆ, ಎಷ್ಟು ಜನರನ್ನು ಬಲಿ ಕೊಟ್ಟಿದ್ದಾನೆ ಅಂತ ಅವರಿಗೆ ಗೊತ್ತು. ಅವನು ಬದುಕಿನಲ್ಲಿ ತಂದ ಅತಿ ದೊಡ್ಡ ಸತ್ಯವನ್ನು ಅವನ ಹಳೇ ಸುಳ್ಳುಗಳು ಮುಗಿಸಿಬಿಡುತ್ತಿದ್ದವು. ಅವನ ದಾರಿಯ ಮೇಲೆ ಇದಕ್ಕಿಂತ ಗಟ್ಟಿಯಾದ ಟೀಕೆ ಬೇಕಾ?

ಇರುಳುಚುಕ್ಕಿ:
ಪಡುವಣ, ಇದೇ ಮಾತನ್ನು ನಾನು ಹೇಳಬೇಕು ಅಂತಿದ್ದೆ. ಆ ಸಭೆಯಲ್ಲಿ ಲೂಥೆನ್ ಪರವಾಗಿ ಎದ್ದು ನಿಲ್ಲುವವನು ಕ್ಯಾಸಿಯನ್. ಅವನು ಲೂಥೆನ್ ಜೊತೆ ಜಗಳವಾಡಿ ದೂರವಾದವನು. ಘೋರ್ಮನ್ ಬೇಡ ಅಂದವನು. ಮೊದಲ ಸೀಸನ್ನಿನಲ್ಲಿ ಲೂಥೆನ್ ಅವನನ್ನು ಕೊಲ್ಲಲೆಂದೇ ಫೆರಿಕ್ಸ್‌ಗೆ ಬಂದಿದ್ದ. ಅಂಥವನೇ ಬಂದು ಆ ಮನುಷ್ಯ ಸುಳ್ಳು ಹೇಳುತ್ತಿಲ್ಲ ಅನ್ನುವುದು ನನಗೆ ಒಂದು ವಿಚಾರಣೆಯ ಹಾಗೆ ಕಂಡಿತು. ಎದುರಾಳಿಗಳು ಕೂತಿದ್ದಾರೆ, ಲೂಥೆನ್‌ನ ತಪ್ಪುಗಳನ್ನು ಎಣಿಸುತ್ತಿದ್ದಾರೆ, ಸಾಕ್ಷಿ ಹೇಳುವವನು ಆ ತಪ್ಪುಗಳ ಪೆಟ್ಟು ತಿಂದವನು. ಲೂಥೆನ್ ಒಳ್ಳೆಯವನಾ ಕೆಟ್ಟವನಾ ಅಂತ ಸರಣಿ ನಮಗೆ ಹೇಳಿಕೊಡುವುದಿಲ್ಲ. ಅವನಿಂದ ನೋವು ತಿಂದವರನ್ನೇ ಕರೆದು ಮಾತಾಡಿಸುತ್ತದೆ. ನಾನು ಈ ಸರಣಿಯನ್ನು ಇಷ್ಟು ಹಚ್ಚಿಕೊಂಡದ್ದು ಇದಕ್ಕೇ.

ಹೊಳೆದಂಡೆ:
ವಿಚಾರಣೆ ಅಂದಿರಲ್ಲ, ಅದನ್ನೇ ಹಿಡಿದು ಹೇಳುತ್ತೇನೆ. ಆ ವಿಚಾರಣೆಗೆ ಕ್ರೀಗರ್ ಕಡೆಯವರು ಯಾರೂ ಬರಲಿಲ್ಲ. ಘೋರ್ಮನ್ ನೇಕಾರರಲ್ಲಿ ಒಬ್ಬರನ್ನೂ ಅಲ್ಲಿ ಕೂರಿಸಲಿಲ್ಲ. ಲೋನಿಯ ಹೆಂಡತಿ, ಮಗಳು ಆಮೇಲೆ ಏನಾದರು ಅಂತ ಸರಣಿ ಒಂದು ಮಾತೂ ಹೇಳುವುದಿಲ್ಲ. ನಾನು ಹೆದರುವುದು ಅವರಿಬ್ಬರಿಗಾಗಿ. ಲೋನಿ ಬೇಹುಗಾರ ಅಂತ ಗುಪ್ತಚರ ದಳಕ್ಕೆ ಗೊತ್ತಾದ ಮೇಲೆ ಆ ಮನೆಯ ಬಾಗಿಲು ಬಡಿಯದೆ ಬಿಟ್ಟಿರುತ್ತಾರಾ? ಇನ್ನೊಂದು ಸೀಸನ್ ಇದ್ದಿದ್ದರೆ ನಾನು ಕೇಳುತ್ತಿದ್ದದ್ದು ಆ ಕಥೆಯನ್ನು.